ಅಕ್ಕನ ‘ನಡೀತದ’

ಹೊಸ ಕಂಪ್ಯೂಟರಿನ ಕ್ಯಾಬಿನೆಟ್ ಮೇಜಿನ ಮೇಲೆ ನಿಂತಿತ್ತು. ಅದರ ಹಿಂಬದಿಯ ಚೌಕ ಕಿಂಡಿಯೊಳಗಿಂದ ಅಕ್ಕನ ಕೈ ಹೊರಗೆ ಬಂತು. ಮಣಿಕಟ್ಟಿಗೆ ಅಪ್ಪನ ಹಳೆಯ ಗಡಿಯಾರ ಇತ್ತು. ಕೈ ಬೆರಳು ಆಡಿಸಿತು.

“ನಮಸ್ಕಾರ್ರಿ. ಬರ್ರಿ, ಕುಂದ್ರಿ. ಚಾ ತಗೋತೀರಿ?” ಎಂದಳು ಆ ಕಡೆಯಿಂದ ಅಕ್ಕ.

ಈ ಕಡೆ ಕೂತಿದ್ದವನು ನಾನೊಬ್ಬನೇ. ನಾನು ನಗಲಿಲ್ಲ. ಅಕ್ಕನೂ ನಗಲಿಲ್ಲ. ಅಕ್ಕನ ತಮಾಷೆಗೆ ನಗುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನಕ್ಕರೆ “ಯಾಕ, ಏನಾತು?” ಎಂದು ಕೇಳುತ್ತಿದ್ದಳು.

“ಇಷ್ಟು ಜಾಗ ಖಾಲಿ ಅದ ನೋಡು,” ಎಂದು ಕೈಯನ್ನು ಒಳಗೆ ಎಳೆದುಕೊಂಡಳು. “ಉಳದದ್ದೆಲ್ಲಾ ಆಗೇದ. ಊಟಕ್ಕ ಬಡಿಸೋರೊಬ್ರು ಬರಬೇಕು.”

ಊಟಕ್ಕೆ ಬಡಿಸುವವರು ಎಂದರೆ ಎಸ್‌ಎಂಪಿಎಸ್. ಗೋಡೆಯಿಂದ ಬರುವ ಕರೆಂಟನ್ನು ಹದ ಮಾಡಿ ಒಳಗಿನ ಎಲ್ಲಾ ಭಾಗಗಳಿಗೆ ಹಂಚುವ ಪೆಟ್ಟಿಗೆ. ಅದು ಕೂರುವ ಕಿಂಡಿಯಿಂದಲೇ ಅಕ್ಕ ನನ್ನನ್ನು ಮಾತಾಡಿಸಿದ್ದು.

“ನಾಳಿ ಕಲಬುರ್ಗಿಗೆ ಹೊಂಟೀನಿ. ಯಾವ ಕಂಪನಿದು ತರ್ಲಿ ಅಕ್ಕಾ?”

“ಒಂದು ಮನಸ್ನಾಗ ಅದ.”

“ಯಾವುದು?”

“ಒಂದು ನಿದ್ದಿ ಆಗ್ಲಿ ಸಿದ್ದು. ಮುಂಜಾನಿ ಎದ್ದಾಗನೂ ಅದೇ ಅನಿಸ್ತಂದ್ರ ನಡೀತದ.”

“ಹೆಸರರೆ ಹೇಳು.”

“ಹೆಸರು ಬಾಯಾಗ ಬಂತಂದ್ರ ಮನಸ್ಸು ಆ ಕಡಿ ವಾಲ್ತದ. ಸುಮ್ಮ ಕುಂದ್ರು.”

ಸುಮ್ಮನೆ ಕೂತೆ. ಅಕ್ಕ ಕ್ಯಾಬಿನೆಟ್ಟಿನ ಮೇಲೆ ಹಳೆಯ ದುಪಟ್ಟಾ ಹೊದಿಸಿ, ಸಂಜೆಗೆ ಮನೆಗೆ ಬಂದು, ರೊಟ್ಟಿ, ಪುಂಡಿಪಲ್ಯ ಉಂಡು, ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅವ್ವನಿಗೆ ಹೇಳಿ ಮಲಗಿದಳು. ಮರುದಿನ ಮುಂಜಾನೆ ಏಳಲಿಲ್ಲ. ಡಾಕ್ಟರು ಹೃದಯ ಎಂದರು.

ವಾಡಿಯ ಸ್ಟೇಷನ್ ರಸ್ತೆಯಲ್ಲಿರುವ ‘ಸುಜಾತಾ ಗ್ರಾಫಿಕ್ಸ್’ ನಮ್ಮದು. ಸುಜಾತಾ ಎಂದರೆ ನಮ್ಮಕ್ಕ. ಅಪ್ಪ ರೈಲ್ವೆಯಲ್ಲಿದ್ದರು. ಅವರು ತೀರಿದ ಮೇಲೆ ಅಕ್ಕ ಅಂಗಡಿ ಹಾಕಿದಳು, ನಾನು ಪಿಯುಸಿ ಮುಗಿಸಿ ಅವಳ ಜೊತೆ ಸೇರಿಕೊಂಡೆ. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರ್, ಶ್ರದ್ಧಾಂಜಲಿ ಬ್ಯಾನರ್, ಅಂಗಡಿ ಬೋರ್ಡು. ಒಬ್ಬರ ಪತ್ರಿಕೆಯ ಮೇಲೆ ಬುದ್ಧ, ಒಬ್ಬರದರ ಮೇಲೆ ಬಸವಣ್ಣ, ಸೇಡಂ ಕಡೆಯ ಕೆಲವರಿಗೆ ತೆಲುಗು ಅಕ್ಷರ, ಶಹಾಬಾದಿನ ಕೆಲವರಿಗೆ ಉರ್ದು. ಅಕ್ಕ ಡಿಸೈನ್ ಮಾಡುತ್ತಿದ್ದಳು. ಪ್ರಿಂಟು, ಕತ್ತರಿಸುವುದು, ಗಿರಾಕಿಗಳ ಜೊತೆ ಮಾತು ನನ್ನ ಕಡೆ. ಅಕ್ಕನನ್ನು ಗಿರಾಕಿಗಳ ಜೊತೆ ಮಾತಿಗೆ ಬಿಟ್ಟರೆ, ಅವರು ಪತ್ರಿಕೆ ಬಿಟ್ಟು ತಮ್ಮ ಮನೆಯ ಕಂಪ್ಯೂಟರಿನ ಬಗ್ಗೆ ಬೈಸಿಕೊಂಡು ಹೋಗುತ್ತಿದ್ದರು.

ಅಕ್ಕನಿಗೆ ಕಂಪ್ಯೂಟರ್ ಕಂಪನಿಗಳೆಲ್ಲ ಮನೆತನಗಳಾಗಿದ್ದವು. ಯಾವ ಕಂಪನಿಯನ್ನೂ ಅದರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗೆ ಗೌಡ್ರು, ಅದರ ಎದುರಾಳಿಗೆ ತಮ್ಮನ ಮನಿಯವ್ರು.

“ಗೌಡ್ರ ಮನಿ ಹೆಸರಿನ ಮನಿ, ಇಲ್ಲನಂಗಿಲ್ಲ. ಆದ್ರ ಎರಡು ವರ್ಷಕ್ಕೊಮ್ಮಿ ಬಾಗಲಾ ಬದಲ ಮಾಡ್ತಾರ. ಹೊಸಾ ಸೊಸಿ ಬರಬೇಕಂದ್ರ ಹಳೀ ಬಾಗಲದಾಗ ಹಿಡ್ಸಂಗಿಲ್ಲ, ಇಡೀ ಗ್ವಾಡಿನೇ ಕೆಡವಬೇಕು. ತಮ್ಮನ ಮನಿಯವ್ರು ಒಂದೇ ಬಾಗಲದಾಗ ಮೂರು ಸೊಸಿಯಂದ್ರನ್ನ ತಂದ್ರು.”

ಹಳೆಯ ಮದರ್‌ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಕೂರುವುದಿಲ್ಲ ಎನ್ನುವುದನ್ನು ಅಕ್ಕ ಹೇಳುತ್ತಿದ್ದುದು ಹೀಗೆ. ಹಾಗಾದರೆ ತಮ್ಮನ ಮನೆಯವರೇ ಒಳ್ಳೆಯವರಾ ಎಂದು ಕೇಳಿದರೆ ಅದಕ್ಕೂ ಒಪ್ಪುತ್ತಿರಲಿಲ್ಲ.

“ಅವ್ರ ಮೊದಲಿಂದು ನೀ ನೋಡಿಲ್ಲ. ಮ್ಯಾಲ ಹಂಚಿಟ್ಟಿದ್ರ ರೊಟ್ಟಿ ಬೇಯ್ತಿತ್ತು.”

ಗ್ರಾಫಿಕ್ಸ್ ಕಾರ್ಡಿನ ಕಂಪನಿಗೆ ಸಾವಕಾರ ಎನ್ನುತ್ತಿದ್ದಳು. ಎಐ ಬಂದ ಮೇಲೆ ಸಾವಕಾರನಿಗೆ ನಮ್ಮಂಥವರು ಕಣ್ಣಿಗೆ ಬೀಳುವುದಿಲ್ಲ ಎಂದು ಅವಳ ತಕರಾರು. “ಮೊದಲ ಅಂಗಡಿ ಬಾಗಲಿಗೆ ನಿಂತು ಬರ್ರಿ ಬರ್ರಿ ಅಂತಿದ್ದ. ಈಗ ಗೋದಾಮು ತುಂಬ ತಗೊಳ್ಳೋ ಮಂದಿ ಸಿಕ್ಕಾರ. ನಾವು ಹೋದ್ರ ಹಿತ್ತಲದಾಗ ನಿಂದ್ರು ಅಂತಾನ.” ರ‍್ಯಾಮಿನ ದರ ಏರಿದಾಗಲೂ ಅಕ್ಕ ಸಾವಕಾರನಿಗೇ ಬೈದಳು. ರ‍್ಯಾಮ್ ಮಾಡುವವರು ಬೇರೆ ಎಂದು ನಾನು ಹೇಳಿದೆ. “ಹೊಲ ಬ್ಯಾರೆ ಇದ್ರೂ ನೀರು ಎಳೆಯೋಂವ ಇಂವನೇ,” ಎಂದಳು.

ಕಟ್ಟಿ ತಯಾರಾಗಿ ಬರುವ ದೊಡ್ಡ ಕಂಪನಿಗಳ ಡೆಸ್ಕ್‌ಟಾಪುಗಳು ಅವಳಿಗೆ ಆಗುತ್ತಿರಲಿಲ್ಲ. ಅವುಗಳಲ್ಲಿ ಎಷ್ಟೋ ಮಷಿನ್ನುಗಳ ಎಸ್‌ಎಂಪಿಎಸ್ ಬೇರೆಯೇ ಆಕಾರದ್ದು. ಕೆಟ್ಟರೆ ಅದೇ ಕಂಪನಿಯಿಂದ ತರಿಸಬೇಕು. “ಅದು ಖರೀದಿ ಅಲ್ಲ. ಮನಿ ಅಳ್ಯಾ ಆಗಿ ಹೋದಂಗ. ಉಪ್ಪು ಬೇಕಂದ್ರೂ ಅತ್ತಿಗೇ ಕೇಳ್ಬೇಕು.” ಯಾರಾದರೂ ಇಡೀ ಡಬ್ಬಿಗೆ ಸಿಪಿಯು ಅಂದರೆ, “ಇಡೀ ಎತ್ತಿಗೆ ಕೊಂಬು ಅಂತೀರೇನ್ರಿ?” ಎಂದು ಕೇಳುತ್ತಿದ್ದಳು.

ಒಂದು ಸಲ ಸೇಡಂನ ಮದುವೆ ಫೋಟೊಗ್ರಾಫರ್ ಒಬ್ಬ ತನ್ನ ತೆಳ್ಳನೆಯ ಲ್ಯಾಪ್‌ಟಾಪ್ ತಂದ. ಒಳಗೆ ಫ್ಯಾನ್ ಸಪ್ಪಳ ಮಾಡುತ್ತಿತ್ತು. ಬಿಚ್ಚಿ ಧೂಳು ತೆಗೆಯಬೇಕಿತ್ತು ಅಷ್ಟೆ. ಆದರೆ ಅದರ ಸ್ಕ್ರೂಗಳಿಗೆ ನಮ್ಮ ಹತ್ತಿರವಿದ್ದ ಯಾವ ಸ್ಕ್ರೂಡ್ರೈವರೂ ಹೊಂದಲಿಲ್ಲ. ಅಕ್ಕ ಅದನ್ನು ತಿರುವಿ ಮುರುವಿ ನೋಡಿ ಮುಚ್ಚಿಟ್ಟಳು.

“ಇದು ಮಡಿ ಕಂಪನಿ. ನಮ್ಮ ಕೈ ಹಚ್ಚಗೊಡಂಗಿಲ್ಲ.”

“ಆದ್ರ ಸ್ಕ್ರೀನ್ ಭಾಳ ಚಲೋ ಅದರಿ ಅಕ್ಕಾ,” ಎಂದ ಅವನು.

“ನಮ್ಮವ್ವನ ತವರೂರಾಗ ಮ್ಯಾಲಿನ ಓಣ್ಯಾಗ ಒಂದು ಬಾವಿ ಇತ್ತು,” ಎಂದಳು ಅಕ್ಕ. “ಅದೂ ಭಾಳ ಚಲೋ ಇತ್ತು.”

 ಅವನು ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡ. ಮುಂದಿನ ವರ್ಷ ಬಂದು ಅಕ್ಕನ ಕಡೆಯಿಂದಲೇ ಒಂದು ಡೆಸ್ಕ್‌ಟಾಪ್ ಕಟ್ಟಿಸಿಕೊಂಡು ಹೋದ. ತೆಳ್ಳನೆಯದನ್ನೂ ಇಟ್ಟುಕೊಂಡಿದ್ದ. ಮದುವೆ ಮನೆಯಲ್ಲಿ ಅದನ್ನು ತೆಗೆದರೆ ಮರ್ಯಾದೆ ಸಿಗುತ್ತದೆ ಎಂದ. 

ಧೂಳು ಎಲ್ಲಾ ಕಡೆ ಇರುತ್ತದೆ, ನಮ್ಮ ಕಡೆ ಅದಕ್ಕೆ ಜಾತಿ ಇದೆ. ಶಹಾಬಾದಿನದು ಕಲ್ಲಿನ ಧೂಳು, ಚಿತ್ತಾಪುರದ ಬೇಳೆ ಮಿಲ್ಲುಗಳದು ತೊಗರಿ ಹೊಟ್ಟಿನ ಧೂಳು, ವಾಡಿಯದು ಸಿಮೆಂಟು. ಅಕ್ಕ ಕ್ಯಾಬಿನೆಟ್ ಬಿಚ್ಚಿ ಒಳಗಿನ ಧೂಳನ್ನು ಬೆರಳಿಗೆ ಹಚ್ಚಿಕೊಂಡು ಮಷಿನ್ ಯಾವ ಊರಿನದು ಎಂದು ಹೇಳುತ್ತಿದ್ದಳು. ಎಷ್ಟೋ ಸಲ ತಪ್ಪುತ್ತಿತ್ತು. ತಪ್ಪಿದಾಗ, “ಹಂಗಾರ ಈ ಮಷಿನ್ ಆ ಊರಿಗೆ ಹೋಗಿ ಬಂದದ,” ಎನ್ನುತ್ತಿದ್ದಳು. ಹೊಸ ಮಾದರಿಯ ಕ್ಯಾಬಿನೆಟ್ ತೋರಿಸಿದರೆ ಮೊದಲು ಅದರ ಜಾಲರಿ ನೋಡಿ, “ಇದನ್ನ ಮಾಡಿದಂವ ವಾಡಿಗೆ ಬಂದಿಲ್ಲ,” ಎಂದು ಬದಿಗಿಡುತ್ತಿದ್ದಳು. ಗಾಜಿನ ಮಗ್ಗುಲು, ಒಳಗೆ ಬಣ್ಣಬಣ್ಣದ ಲೈಟು ಇದ್ದರೆ, “ಒಳಗ ಯಾರ್ದರೆ ಮದುವಿ ನಡದದೇನು?”

ನಿವೃತ್ತ ರೈಲ್ವೆ ಗಾರ್ಡ್ ಗುಂಡಪ್ಪ ಕಾಕಾ ನಮ್ಮ ಓಣಿಯವರು. ಇಸ್ಪೀಟು ಆಡಲು ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದರು. ದಸರೆಯ ಖಂಡೇಪೂಜೆಗೆ ಮನೆಯ ಕುಡಗೋಲು, ಸೈಕಲ್ಲು, ಹೊಲಿಗೆ ಮಷಿನ್ ಎಲ್ಲಾ ತೊಳೆದು ಸಾಲಿಗಿಟ್ಟು, ಕಂಪ್ಯೂಟರನ್ನು ಮಾತ್ರ ಹಾಗೇ ಬಿಟ್ಟರೆ ಚಂದವಲ್ಲ ಎಂದು ಅದನ್ನೂ ಬಿಚ್ಚಿದರು. ವರ್ಷಗಟ್ಟಲೆ ಕೂತಿದ್ದ ಸಿಮೆಂಟು ಧೂಳನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದರು. ಒಂದು ದಿನ ನೆರಳಲ್ಲಿ ಒಣಗಿಸಿದರು. ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದು ಸ್ವಿಚ್ ಒತ್ತಿದರು.

ಮಷಿನ್ನನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಅಂಗಡಿಗೆ ಬಂದಾಗ ಅದರ ಮೇಲೆ ಇನ್ನೂ ಚೆಂಡುಹೂವಿತ್ತು. ಅಕ್ಕ ಒಳಗೆ ನೋಡಿದಳು. ಪ್ರೊಸೆಸರಿನ ಮೇಲಿನ ಫ್ಯಾನಿನ ಎಲೆಗಳ ನಡುವೆ ಸಿಮೆಂಟು ಕುಳಿತು ಗಟ್ಟಿಯಾಗಿತ್ತು. ಬೆರಳಿನಿಂದ ಬಡಿದಳು. ಟಣ್ ಎಂದಿತು.

“ಕಾಕಾ, ಇದು ಸ್ವಚ್ಛ ಮಾಡಿದ್ದಲ್ಲ. ಸಿಮೆಂಟಿನ ಛತ್ ಹಾಕೀರಿ.”

“ಬರೇ ಒರಸೀನವ್ವಾ, ನೀರು ಹಾಕಿಲ್ಲ.”

“ನೆರಳಾಗ ಇಟ್ಟೀರಲ್ರಿ, ಕ್ಯೂರಿಂಗ್ ಚಲೋ ಆಗೇದ. ಇದರ ಮ್ಯಾಲ ಇನ್ನೊಂದು ಮಾಳಗಿ ಎತ್ತಬಹುದು.”

“ನಡೀತದೇನವ್ವಾ ಇನ್ನ?”

ಅಕ್ಕ ಫ್ಯಾನು ಬಿಚ್ಚಿ ತೆಗೆದು, ಲಗ್ನಪತ್ರಿಕೆಗಳ ಪ್ರೂಫಿನ ಮೇಲೆ ಇಟ್ಟಳು. ಬಾಗಿಲಿನಿಂದ ಗಾಳಿ ಬರುತ್ತಿತ್ತು. ಹಾಳೆಗಳು ಅಲುಗಲಿಲ್ಲ.

“ಹಿಂಗ ನಡೀತದ,” ಎಂದಳು.

ಕಾಕಾಗೆ ಹೊಸ ಫ್ಯಾನು ಹಾಕಿಕೊಟ್ಟು ಕಳಿಸಿದಳು. ಆ ಹಳೆಯದು ಈಗಲೂ ನಮ್ಮ ಕೌಂಟರಿನ ಮೇಲಿದೆ.

‘ನಡೀತದ’ ಎನ್ನುವ ಈ ಮಾತಿನ ಬಗ್ಗೆ ಹೇಳಬೇಕು. ನಮ್ಮ ಕಡೆ ಎಲ್ಲರೂ ಆಡುವ ಮಾತು ಇದು. ಇನ್ನೊಂದು ರೊಟ್ಟಿ ಹಾಕಲಾ ಎಂದರೂ ನಡೀತದ, ಬಸ್ಸಿನಲ್ಲಿ ನಿಂತುಕೊಂಡು ಬರುತ್ತೀರಾ ಎಂದರೂ ನಡೀತದ. ಅಷ್ಟೇನೂ ತೂಕದ ಮಾತಲ್ಲ. ಅಕ್ಕನ ಬಾಯಲ್ಲಿ ಮಾತ್ರ ಅದಕ್ಕಿಂತ ಮೇಲಿನ ಮಾತು ಇರಲಿಲ್ಲ. ಚಲೋ ಅದ, ಮಸ್ತ್ ಅದ, ಬೆಸ್ಟ್ ಅದ ಎನ್ನುವುದೆಲ್ಲ ಮಾರುವವರ ಮಾತು ಎಂದು ಅವಳ ಅಭಿಪ್ರಾಯ. “ಚಲೋ ಅನ್ನೋದು ನೋಡೋವತ್ತಿನ ಮಾತು. ನಡೀತದ ಅನ್ನೋದು ನಾಳಿಗಿ ಹೇಳೋ ಮಾತು.” ಹಾಗಾಗಿ, ತಮಾಷೆಯ ಮಾತು ಬಿಟ್ಟರೆ, ಒಂದು ನಿದ್ದೆ ಆಗದೆ ಅವಳು ಅದನ್ನು ಹೇಳುತ್ತಿರಲಿಲ್ಲ. ರ‍್ಯಾಮ್ ಇರಲಿ, ಮೌಸ್ ಇರಲಿ, ಸಂಜೆ ನೋಡಿ ಬರುವಳು, ಮಲಗುವಳು, ಮುಂಜಾನೆ ಬಚ್ಚಲ ಬಾಗಿಲಲ್ಲಿ ಬ್ರಷ್ ಹಿಡಿದು ನಿಂತು, ನೊರೆ ಉಗುಳಿ, ತೀರ್ಪು ಹೇಳುವಳು. ಬಹಳ ಸಲ ತೀರ್ಪು ‘ನಡ್ಯಂಗಿಲ್ಲ’ ಎಂದೇ ಇರುತ್ತಿತ್ತು.

ಅವಳನ್ನು ನೋಡಲು ಬಂದ ಗಂಡುಗಳಿಗೂ ಇದೇ ಪದ್ಧತಿ. ಚಿಂಚೋಳಿ ಕಡೆಯಿಂದ ಒಬ್ಬ ಮಾಸ್ತರ್ ಬಂದಿದ್ದರು. ಸಂಭಾವಿತ ಮನುಷ್ಯ. ಜೊತೆಗೆ ಬಂದಿದ್ದ ಅವರ ಸೋದರಮಾವನೇ ಎಲ್ಲಾ ಮಾತಾಡುತ್ತಿದ್ದರು.

“ನಿಮ್ಮ ಹುಡುಗಿ ಕಂಪ್ಯೂಟರ್‌ದಾಗ ಹುಷಾರ್ ಅಂತ ಕೇಳೀವಿ. ನಮ್ಮ ಹುಡುಗನೂ ಹೊಸಾ ಲ್ಯಾಪ್‌ಟಾಪ್ ತಗೊಂಡಾನ,” ಎಂದರು ಮಾವ.

ಅಕ್ಕ ಚಹಾದ ತಾಟು ಕೆಳಗಿಟ್ಟು ಕುಳಿತಳು. ಅವ್ವ ನನ್ನ ಕಡೆ ನೋಡಿದಳು.

“ಯಾವುದರಿ?” ಎಂದು ಅಕ್ಕ ಮಾಸ್ತರರನ್ನು ಕೇಳಿದಳು.

“ಕಪ್ಪಂದು,” ಎಂದರು ಮಾಸ್ತರ್.

“ಒಳಗ ಏನೇನದ?”

“ಎಲ್ಲಾ ಅದರಿ.”

“ಯಾರು ಆರಿಸಿದ್ರು?”

“ಅಂಗಡಿಯಂವ ತೋರ್ಸಿದ. ಮಾವ ಹ್ಞೂಂ ಅಂದ್ರು.”

 ಅವರು ಹೋದ ಮೇಲೆ ಅಕ್ಕ ನ್ಯಾಯವಾಗಿ ಒಂದು ನಿದ್ದೆ ಮಾಡಿದಳು. ಮುಂಜಾನೆ ಬಚ್ಚಲ ಬಾಗಿಲಲ್ಲಿ, “ನಡ್ಯಂಗಿಲ್ಲವ್ವಾ,” ಎಂದಳು.

“ಯಾಕ? ಹುಡುಗ ಚಲೋ ಅದಾನ, ನೌಕರಿ ಅದ, ಚಟ ಇಲ್ಲ. ಏನ್ ಕಡಿಮಿ ಆಗ್ಯದ ನಿನಗ?”

“ಕಪ್ಪಂದು ಅಂದ, ಅವ್ವಾ.”

“ಕಪ್ಪಿದ್ರ ಕಪ್ಪಂತಾರ!”

“ಲ್ಯಾಪ್‌ಟಾಪ್ ಮಾವ ಆರಿಸ್ಯಾನ, ನನ್ನೂ ಮಾವನೇ ಆರಿಸ್ಯಾನ. ಅಂವಗ ಏನು ಬೇಕಂತ ಅಂವಗ ಯಾರೂ ಕೇಳೇ ಇಲ್ಲ. ಪಾಪ.”

ಅವ್ವ ಎರಡು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಆಮೇಲೆ ಬಂದ ಸಂಬಂಧಗಳು ಕಡಿಮೆಯಾದವು. ಒಂದು ವಯಸ್ಸು ದಾಟಿದ ಮೇಲೆ ನಿಂತವು. ಅಕ್ಕ ಅದರ ಬಗ್ಗೆ ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ನನಗೆ ಕಾಣದ ಹಾಗೆ ಮಾಡಿಕೊಂಡಿರಬಹುದು.

ನನಗೆ ಹೆಣ್ಣು ನೋಡಲು ಸೇಡಂಗೆ ಹೋದಾಗ ಅಕ್ಕನೂ ಬಂದಿದ್ದಳು. ಹುಡುಗಿಗೆ ಏನು ಕೇಳುತ್ತಾಳೋ ಎಂದು ನಮಗೆಲ್ಲ ಭಯ. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಕ್ಕ ಸುತ್ತ ಕಣ್ಣಾಡಿಸಿ, ಅಡುಗೆಮನೆಯ ಕಟ್ಟೆಯ ಮೇಲಿದ್ದ ಮಿಕ್ಸಿ ತೋರಿಸಿ, “ಅದು ಯಾರು ತಂದಿದ್ದು?” ಎಂದಳು.

“ನಾನೇರಿ,” ಎಂದಳು ಯಶೋಧಾ. “ಮೊದಲ ಅಪ್ಪ ಒಂದು ತಂದಿದ್ರು, ಸುಟ್ಟಿತು. ಎರಡನೇದು ನಾನೇ ಅಂಗಡಿಗೆ ಹೋಗಿ ಎಲ್ಲಾ ಎತ್ತಿ ನೋಡ್ದೆ. ಭಾರ ಇದ್ದದ್ದು ತಂದೆ. ತಾಮ್ರ ಜಾಸ್ತಿ ಇದ್ರ ಭಾರ ಇರ್ತದಲ್ರಿ.”

ಅಕ್ಕ ಎದ್ದು ಹೋಗಿ ಮಿಕ್ಸಿ ಎತ್ತಿ ನೋಡಿ ಬಂದಳು. ಅವರ ಮನೆಯವರು ಗಾಬರಿಯಾದರು. ಮರುದಿನ ಮುಂಜಾನೆ ನೊರೆ ಉಗುಳಿ, “ನಡೀತದ,” ಎಂದಳು. ನನ್ನ ಮದುವೆ ಆದದ್ದು ಹೀಗೆ. ಯಶೋಧಾ ಆ ಮಾತನ್ನು ಇನ್ನೂ ನೆನಪಿಟ್ಟುಕೊಂಡಿದ್ದಾಳೆ. ನಾನೇನಾದರೂ ಅಂದರೆ, “ನಿಮ್ಮಕ್ಕ ಹೇಳ್ಯಾರ ನಾ ನಡೀತೀನಂತ,” ಎನ್ನುತ್ತಾಳೆ. 

ಅಕ್ಕ ತಪ್ಪುತ್ತಿರಲಿಲ್ಲ ಎಂದಲ್ಲ. ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದಾಗ ಅದನ್ನು ಹಲವು ವರ್ಷ ಅಂಗಡಿಯೊಳಗೆ ಬಿಡಲಿಲ್ಲ. ಊರೆಲ್ಲಾ ಅದನ್ನೇ ಹಾಕಿಸಿಕೊಂಡು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಂಪ್ಯೂಟರ್ ಚಾಲೂ ಮಾಡುತ್ತಿದ್ದರೆ, ನಮ್ಮದು ಚಾಲೂ ಆಗುವುದರೊಳಗೆ ನಾನು ಕಸ ಹೊಡೆದು ಮುಗಿಸುತ್ತಿದ್ದೆ.

“ತಿರಗಲಾರದ್ದು ಡಿಸ್ಕ್ ಹೆಂಗಾತು? ಹಳೀ ಡಿಸ್ಕ್ ಸಾಯೋ ಮುಂದ ಕಟ್ ಕಟ್ ಅಂತ ಹೇಳಿ ಸಾಯ್ತದ. ನಾವು ನಮ್ಮ ಸಾಮಾನು ಎತ್ತಿಟ್ಕೋಬಹುದು. ಇದು ಹೇಳಂಗಿಲ್ಲ, ಕೇಳಂಗಿಲ್ಲ. ಮುಂಜಾನಿ ಎದ್ದು ನೋಡಿದ್ರ ಇರಂಗಿಲ್ಲ.”

ಕೊನೆಗೆ ನಾನೇ ಒಂದು ತಂದು ಹಾಕಿದೆ. ಅಕ್ಕ ಎರಡು ದಿನ ಅದರ ಕಡೆ ನೋಡಲಿಲ್ಲ. ಮೂರನೆಯ ದಿನ ದೊಡ್ಡ ಬ್ಯಾನರಿನ ಫೈಲು ತೆರೆದಳು. ಅದು ಕೂಡಲೇ ತೆರೆಯಿತು. “ಕಂಪನಿಯವ್ರು ಸುಧಾರಿಸ್ಯಾರ,” ಎಂದಳು. ತಾನು ಹೇಳಿದ್ದು ತಪ್ಪಾಗಿತ್ತು ಎನ್ನಲಿಲ್ಲ. ಹೇಳದೆ ಕೇಳದೆ ಹೋಗುತ್ತದೆ ಎನ್ನುವ ಮಾತನ್ನು ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ಹಳೆಯ ಮಷಿನ್ ಕಳೆದ ವರ್ಷದಿಂದ ಕೈಕೊಡುತ್ತಿತ್ತು. ಕೆಲಸದ ನಡುವೆ ತಾನಾಗಿ ಬಂದ್ ಆಗಿ ತಾನಾಗಿ ಚಾಲೂ ಆಗುತ್ತಿತ್ತು. ಮದರ್‌ಬೋರ್ಡಿನ ಮೇಲಿನ ಕೆಪ್ಯಾಸಿಟರುಗಳು ಉಬ್ಬಿದ್ದವು. “ಮುದುಕಗ ಹೊಸಾ ಧೋತ್ರ ಉಡಿಸಿದ್ರ ಓಡ್ತಾನೇನು? ಹೊಸಾದೇ ಕಟ್ಟೋಣ,” ಎಂದಳು ಅಕ್ಕ. ರಸ್ತೆಯ ಆ ಕಡೆ ಹೊಸ ಅಂಗಡಿ ಬಂದಿತ್ತು. ಈ ಸಲದ ಲಗ್ನದ ಹಂಗಾಮಿಗೆ ಗಿರಾಕಿಗಳನ್ನು ವಾಪಸ್ ಕಳಿಸಿದರೆ ಅವರು ಮತ್ತೆ ನಮ್ಮ ಕಡೆ ತಿರುಗುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಆದರೂ ಅಕ್ಕ ಅವಸರ ಮಾಡಲಿಲ್ಲ. ಒಂದೊಂದು ಭಾಗಕ್ಕೂ ಒಂದೊಂದು ನಿದ್ದೆ. ಹಾಗೆ ಮಳೆಗಾಲ ಕಳೆದು, ಪ್ರೊಸೆಸರ್ ತಮ್ಮನ ಮನೆಯಿಂದ ಬಂತು, ಬೋರ್ಡು ಬಂತು, ರ‍್ಯಾಮ್ ಬೈಸಿಕೊಂಡೇ ಬಂತು. ಉಳಿದದ್ದು ಎಸ್‌ಎಂಪಿಎಸ್ ಒಂದೇ. ಅದನ್ನು ಕೊನೆಗೆ ಇಟ್ಟುಕೊಂಡಿದ್ದು ಅದೇ ಎಲ್ಲಕ್ಕಿಂತ ಮುಖ್ಯ ಎಂದು. “ಬಡಸೋ ಕೈ ಕೆಟ್ಟಿದ್ರ ಪಂಕ್ತಿನೇ ಕೆಡ್ತದ,” ಎನ್ನುತ್ತಿದ್ದಳು.

ಆ ನಿದ್ದೆಯಿಂದಲೇ ಅಕ್ಕ ಏಳಲಿಲ್ಲ.

ಅಕ್ಕನ ಹೆಸರಲ್ಲಿ ನಡೆಯುವ ಪುಣ್ಯಾನುಮೋದನದ ದಿನಕ್ಕೆ ಬುದ್ಧ ವಿಹಾರದ ಭಂತೇಜಿ ಬರುವವರಿದ್ದರು. ಬ್ಯಾನರ್ ನಾನೇ ಮಾಡಬೇಕಾಯಿತು. ಅಕ್ಕನ ಫೋಟೊಗಳಲ್ಲಿ ಕ್ಯಾಮೆರಾ ನೋಡಿದ್ದು ಒಂದೇ ಇತ್ತು. ಅದರಲ್ಲೂ ಅವಳು ಕ್ಯಾಮೆರಾದ ಗುಣಮಟ್ಟ ನೋಡುವಂತೆ ನೋಡುತ್ತಿದ್ದಳು. ಹಳೆಯ ಮಷಿನ್ನಿನಲ್ಲಿ ಅದನ್ನು ಕೂಡಿಸಿ, ಹೆಸರು ಬರೆದು, ‘ಇವರ ಪುಣ್ಯಸ್ಮರಣೆ’ ಎಂದು ಬರೆಯುವಾಗ ಮಷಿನ್ ಬಂದ್ ಆಯಿತು. ಮತ್ತೆ ಮೊದಲಿನಿಂದ ಮಾಡಿದೆ. ‘ಪುಣ್ಯಸ್ಮರಣೆ’ಗೆ ಬಂದಾಗ ಮತ್ತೆ ಬಂದ್ ಆಯಿತು. ಕೊನೆಗೆ ಬರೀ ಹೆಸರು, ಫೋಟೊ ಇಟ್ಟು ಪ್ರಿಂಟ್ ತೆಗೆದೆ. ನೋಡಿದವರು ಸರಳವಾಗಿ ಚೆನ್ನಾಗಿದೆ ಎಂದರು.

ಅವತ್ತು ಕಲಬುರಗಿಯಿಂದ ಇರ್ಫಾನ್ ಭಾಯಿ ಬಂದಿದ್ದರು. ಅಕ್ಕ ಎಲ್ಲಾ ಸಾಮಾನು ತರುತ್ತಿದ್ದುದು ಅವರ ಅಂಗಡಿಯಿಂದಲೇ. ಅವಳಿಂದ ಅವರಷ್ಟು ಬೈಸಿಕೊಂಡ ಮನುಷ್ಯ ಇನ್ನೊಬ್ಬರಿಲ್ಲ. ಅವ್ವನ ಮುಂದೆ ಬಹಳ ಹೊತ್ತು ಕೂತರು. ಹೊರಡುವಾಗ ನಾನು ಕೇಳಿದೆ.

“ಭಾಯ್, ಅಕ್ಕ ಎಸ್‌ಎಂಪಿಎಸ್ ವಿಷಯ ನಿಮ್ಮ ಕಡಿ ಏನರೆ ಮಾತಾಡಿದ್ಳೇನು?”

“ಹಿಂದಿನ ದಿನ ಆಪಾ ಫೋನ್ ಮಾಡಿದ್ರು. ಎರಡು ಕಂಪನಿ ಮಾಲು ಅದ ಇಲ್ಲ ಕೇಳಿದ್ರು. ಎರಡಕ್ಕೂ ಬೈದ್ರು.”

“ಯಾವುದು ತರ್ತೀನಂದ್ಳು?”

“ಅದು ಹೇಳ್ಲಿಲ್ಲ ಸಿದ್ದು ಭಾಯ್. ಯಾವುದಕ್ಕ ಕಡಿಮಿ ಬೈದ್ರು ಅಂತ ನೆನಪು ಮಾಡ್ಲಿಕತ್ತೀನಿ. ಖರೆ ಹೇಳ್ತೀನಿ, ಎರಡಕ್ಕೂ ಬರೋಬರ್ ಬೈದ್ರು.”

ಮುಂದಿನ ವಾರ ಅವರು ಆ ಎರಡನ್ನೂ ಬಸ್ಸಿನಲ್ಲಿ ಕಳಿಸಿದರು. ಒಂದು ಇಟ್ಟುಕೊಳ್ಳಿ, ಒಂದು ವಾಪಸ್ ಕಳಿಸಿ ಎಂದರು. ಎರಡೂ ಪೆಟ್ಟಿಗೆಗಳನ್ನು ಮೇಜಿನ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು ಕೂತೆ. ಎಡಗಡೆಯದರ ಬಗ್ಗೆ ಅಕ್ಕ ಏನನ್ನುತ್ತಿದ್ದಳು ಎಂದು ನನಗೆ ಬಾಯಿಪಾಠ ಬರುತ್ತಿತ್ತು: “ಇವ್ರು ತಾವೇನೂ ಮಾಡಂಗಿಲ್ಲ. ಯಾರೋ ಹಡೆದದ್ದಕ್ಕ ತಮ್ಮ ಅಡ್ಡಹೆಸರು ಇಡ್ತಾರ.” ಬಲಗಡೆಯದರ ಬಗ್ಗೆ: “ಮೊದಲ ಚಲೋ ಮಾಲು ಕಳಸ್ತಾರ. ಹೆಸರಾದ ಮ್ಯಾಲ ಒಳಗಿಂದು ಬದಲಿಸ್ತಾರ. ಬೀಗರ ಊಟ ಮೊದಲ ದಿನ ಹೋಳಿಗಿ, ಮೂರನೇ ದಿನ ಬರೇ ಸಾರು.” ನಡ್ಯಂಗಿಲ್ಲ ಎನ್ನುವುದು ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೊಂದು ಮಾತು ಯಾವ ಕಡೆಯಿಂದಲೂ ಬರಲಿಲ್ಲ.

ಚಿತ್ತಾಪುರದವರೊಬ್ಬರು ಲಗ್ನಪತ್ರಿಕೆಗೆ ಬಂದರು. ಪತ್ರಿಕೆ ಅರ್ಧ ಆಗುವಾಗ ಮಷಿನ್ ಬಂದ್ ಆಯಿತು. ಮತ್ತೆ ಮಾಡಿದೆ, ಮತ್ತೆ ಬಂದ್ ಆಯಿತು. ಅವರು ಬಹಳ ಮರ್ಯಾದಸ್ಥರು. “ಆರಾಮ್ ಮಾಡ್ರಿ, ನಾ ಜರಾ ಚಾ ಕುಡದು ಬರ್ತೀನಿ,” ಎಂದು ಎದ್ದರು. ರಸ್ತೆ ದಾಟಿ ಆ ಕಡೆಯ ಅಂಗಡಿಯೊಳಗೆ ಹೋದದ್ದು ನನಗೆ ಕಂಡಿತು. ಆ ಅಂಗಡಿಯಲ್ಲಿ ಚಹಾ ಸಿಗುವುದಿಲ್ಲ.

ಮಧ್ಯಾಹ್ನ ಬುತ್ತಿ ತಂದ ಯಶೋಧಾ ಪೆಟ್ಟಿಗೆಗಳನ್ನು ನೋಡಿದಳು.

“ಇನ್ನೂ ಹಂಗೇ ಇಟ್ಟೀರಿ?”

“ಅಕ್ಕ ಎರಡಕ್ಕೂ ಬ್ಯಾಡ ಅಂತಿದ್ಳು.”

“ಅಕ್ಕ ಎಲ್ಲಾದಕ್ಕೂ ಬ್ಯಾಡ ಅಂತಿದ್ರು. ಅಂದು ಅಂದು ಕೊನಿಗೆ ಒಂದು ತರ್ತಿದ್ದಿಲ್ಲೇನು? ತರ್ಲಿಲ್ಲಂದ್ರ ಈ ಅಂಗಡಿ ಹೆಂಗ ನಡೀತಿತ್ತು?”

ಅವಳು ಎರಡನ್ನೂ ಪೆಟ್ಟಿಗೆಯಿಂದ ತೆಗೆದು, ಎರಡು ಕೈಯಲ್ಲಿ ಹಿಡಿದು, ತಕ್ಕಡಿಯಂತೆ ನಿಂತಳು. ಎಡಗಡೆಯ ಪೆಟ್ಟಿಗೆಯದನ್ನು ಹಿಡಿದ ಕೈ ಕೆಳಗಿಳಿಯಿತು. “ಇದು ಭಾರ ಅದ,” ಎಂದಳು. ಆಮೇಲೆ ಕೈ ಬದಲಿಸಿ ನೋಡಿದಳು. ಆಗಲೂ ಅದೇ ಭಾರವಾಗಿತ್ತು. “ಆದ್ರ ಒಂದು ನಿದ್ದಿ ನೀವೇ ಮಾಡ್ಬೇಕು. ಅಂಗಡಿ ನಿಮ್ದು.”

ನಿದ್ದೆಯೇ ತೊಂದರೆಯಾಗಿತ್ತು. ಅಕ್ಕ ಹೋದಾಗಿನಿಂದ ನನಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮುಂಜಾನೆ ಎಲ್ಲರೂ ಏಳುತ್ತಾರೋ ಇಲ್ಲವೋ ಎಂದು ಅನಿಸುತ್ತಿತ್ತು. ಅರೆನಿದ್ದೆಯಲ್ಲಿ ಮಾಡಿದ ತೀರ್ಮಾನವನ್ನು ಅಕ್ಕ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೀಗೆಯೇ ಇನ್ನಷ್ಟು ದಿನ ಹೋದವು. ಒಂದು ಮಧ್ಯಾಹ್ನ ಊಟ ಮಾಡಿ, ಅಂಗಡಿಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೆನ್ನು ಚಾಚಿದೆ. ನೆಲ ತಣ್ಣಗಿತ್ತು. ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಹೋಗುತ್ತಿತ್ತು. ಅದರ ಕೊನೆಯ ಡಬ್ಬಿಯ ಸಪ್ಪಳ ನನಗೆ ಕೇಳಲಿಲ್ಲ.

ಎದ್ದಾಗ ಎಡಗಡೆಯದೇ ಅನಿಸಿತು.

ಕ್ಯಾಬಿನೆಟ್ಟಿನ ಮೇಲಿನ ದುಪಟ್ಟಾ ತೆಗೆದೆ. ಮೇಲೆ ತೆಳ್ಳಗೆ ಸಿಮೆಂಟು ಕೂತಿತ್ತು. ಒಣ ಬಟ್ಟೆಯಿಂದ ಒರೆಸಿದೆ. ಎಸ್‌ಎಂಪಿಎಸ್ ಕೂರಿಸುವ ಮೊದಲು ಆ ಕಿಂಡಿಯಲ್ಲಿ ಕೈ ಹಾಕಿ ನೋಡಿದೆ. ಕೈ ಆ ಕಡೆ ಹೊರಗೆ ಬಂತು. ಎದುರಿಗೆ ಖುರ್ಚಿ ಇತ್ತು. ಕೈ ವಾಪಸ್ ತೆಗೆದು, ಎಸ್‌ಎಂಪಿಎಸ್ ಇಟ್ಟು, ನಾಲ್ಕು ಸ್ಕ್ರೂ ಬಿಗಿ ಮಾಡಿದೆ.

ಸ್ವಿಚ್ ಒತ್ತಿದಾಗ ಮಷಿನ್ ಚಾಲೂ ಆಯಿತು. ಸಪ್ಪಳವಿಲ್ಲ. ಮೊದಲು ಬಂದದ್ದು ಶಹಾಬಾದಿನವರ ಲಗ್ನಪತ್ರಿಕೆ, ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಉರ್ದು. ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಆಮೇಲಿನ ಬ್ಯಾನರುಗಳೂ ಆದವು. ಲಗ್ನದ ಹಂಗಾಮು ಬಂದಿದೆ. ಚಿತ್ತಾಪುರದವರು ತಮ್ಮ ತಮ್ಮನ ಪತ್ರಿಕೆಗೆ ನಮ್ಮ ಕಡೆಯೇ ಬಂದರು. ಆ ಕಡೆಯ ಅಂಗಡಿಯಲ್ಲಿ ತಮ್ಮ ಊರಿನ ಹೆಸರು ತಪ್ಪು ಬರೆದಿದ್ದರಂತೆ.

ಇರ್ಫಾನ್ ಭಾಯಿ ಫೋನಿನಲ್ಲಿ, “ಮಸ್ತ್ ಆತು ಭಾಯ್,” ಎಂದರು. ಗುಂಡಪ್ಪ ಕಾಕಾ ಬಂದು, ದೂರ ನಿಂತು ನೋಡಿ, “ಬೆಸ್ಟ್,” ಎಂದರು. ಅವ್ವ ಬಂದು ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ತೆಗೆಯಲಿಲ್ಲ. “ಬೆಚ್ಚಗದ,” ಎಂದಳು. ಯಶೋಧಾ, “ಚಲೋ ಅದ,” ಎಂದಳು. ಆಮೇಲೆ ಏನೋ ಹೇಳಲು ಹೋಗಿ ಸುಮ್ಮನಾದಳು. ಅದು ಅವಳು ಹೇಳುವ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು.

ಮಷಿನ್ ದಿನಾ ನಡೆಯುತ್ತಿದೆ. ನಡೀತದ ಎಂದು ಇನ್ನೂ ಯಾರೂ ಅಂದಿಲ್ಲ.